ತವಾಂಗ್‌ಗೆ ಹೊರಟಿದ್ದೀರಾ? ದಿರಾಂಗ್‌ನಲ್ಲಿ ಎರಡು ರಾತ್ರಿ ಉಳಿಯಿರಿ

ಅರುಣಾಚಲ ಪ್ರದೇಶದ ತವಾಂಗ್‌ಗೆ ನಾವು ಎರಡು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ ಕೆಟ್ಟಿದ್ದು ಅವಸರದಿಂದ. ತೇಜ್‌ಪುರದಲ್ಲಿ ಬೆಳಗಿನ ಜಾವ ಗಾಡಿ ಹತ್ತಿಸಿ ರಾತ್ರಿಯೊಳಗೆ ತವಾಂಗ್ ಮುಟ್ಟಿಸುತ್ತೇವೆ ಎಂದ ಪ್ಯಾಕೇಜಿನವರ ಮಾತು ಕೇಳಿದೆವು. ತೇಜ್‌ಪುರ ಅಸ್ಸಾಮಿನ ಬಯಲು. ದಾರಿಯಲ್ಲಿ ದಾಟಬೇಕಾದ ಸೆಲಾ ಪಾಸ್, ಅಂದರೆ ಬೆಟ್ಟ ದಾಟುವ ಕಣಿವೆದಾರಿ, 13,700 ಅಡಿ. ಒಂದೇ ದಿನದಲ್ಲಿ ಅಷ್ಟು ಏರಿದರೆ ದೇಹ ತಡೆಯುವುದಿಲ್ಲ. ಪಾಸ್ ಹತ್ತಿರ ಬರುವಷ್ಟರಲ್ಲಿ ಗೆಳೆಯನ ಹೆಂಡತಿಗೆ ತಲೆ ಸಿಡಿಯತೊಡಗಿತು, ವಾಂತಿ ಶುರುವಾಯಿತು. ತವಾಂಗ್‌ನಲ್ಲಿದ್ದ ಎರಡು ದಿನವೂ ಪಾಪ ಅವರು ಹಾಸಿಗೆ ಬಿಟ್ಟು ಏಳಲಿಲ್ಲ.

ಎರಡನೇ ಸಲ, 2024ರ ಅಕ್ಟೋಬರ್‌ನಲ್ಲಿ, ಅದೇ ನಾಲ್ಕು ಜನ ಒಂಬತ್ತು ದಿನ ಇಟ್ಟುಕೊಂಡು ಹೋದೆವು. ಯಾರಿಗೂ ಏನೂ ಆಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಸೀಮೆ ಏನು, ಅಲ್ಲಿನ ಜನ ಯಾರು ಎಂದು ಸ್ವಲ್ಪ ಗೊತ್ತಾಯಿತು.

ಮೊದಲು ಕಾಗದದ ವಿಷಯ. ಅರುಣಾಚಲಕ್ಕೆ ಹೋಗಲು ನಮಗೂ ಇನ್ನರ್ ಲೈನ್ ಪರ್ಮಿಟ್ ಬೇಕು. ಈ ನಿಯಮ ಬ್ರಿಟಿಷರ 1873ರ ಕಾಯ್ದೆಯಿಂದ ಬಂದಿದ್ದು. ಆನ್‌ಲೈನ್‌ನಲ್ಲೇ ಸಿಗುತ್ತದೆ. ನಾಲ್ಕೈದು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಭಾಲುಕ್‌ಪಾಂಗ್ ಗೇಟಿನಲ್ಲಿ ಕೇಳುತ್ತಾರೆ, ಮುಂದೆಯೂ ಬೇಕಾಗುತ್ತದೆ. ವಿದೇಶದಲ್ಲಿರುವ ನಿಮ್ಮ ತಮ್ಮನೋ ಅಕ್ಕನೋ ಓಸಿಐ ಕಾರ್ಡಿನವರಾಗಿದ್ದರೆ (ಭಾರತೀಯ ಮೂಲದ ವಿದೇಶಿ ಪ್ರಜೆ) ಇದು ಸಾಲದು. ಅವರಿಗೆ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಬೇಕು. ತವಾಂಗ್‌ನಿಂದ ಮುಂದೆ ಚೀನಾ ಗಡಿಯಲ್ಲಿರುವ ಬುಮ್ ಲಾ ಪಾಸ್‌ಗೆ ಭಾರತೀಯ ನಾಗರಿಕರಿಗೆ ಮಾತ್ರ ಪ್ರವೇಶ. ಇದು ಗೊತ್ತಿಲ್ಲದೆ ಬಂದು ಬೇಸರಪಟ್ಟುಕೊಂಡ ಒಂದು ಕುಟುಂಬವನ್ನು ನಾವೇ ಕಂಡೆವು.

ಗುವಾಹಟಿವರೆಗೆ ವಿಮಾನ, ಅಲ್ಲಿಂದ ತೇಜ್‌ಪುರ. ಮರುದಿನ ಭಾಲುಕ್‌ಪಾಂಗ್ ದಾಟಿ ಕಾಮೆಂಗ್ ನದಿಯ ಪಕ್ಕ ಕಾಡಿನೊಳಗೆ ಏರುತ್ತಾ ಹೋಗುತ್ತೀರಿ. ಬೊಮ್ಡಿಲಾ 8,000 ಅಡಿ. ಅಲ್ಲಿ ಚಹಾ ಕುಡಿದು ಕೆಳಗಿಳಿಯಿರಿ. ದಿರಾಂಗ್ ಕಣಿವೆ ಸುಮಾರು 5,000 ಅಡಿಯಲ್ಲಿದೆ, ಚಳಿಯೂ ಹದವಾಗಿರುತ್ತದೆ. ಮುಂದಿನ ಎತ್ತರಕ್ಕೆ ದೇಹವನ್ನು ನಿಧಾನವಾಗಿ ಒಗ್ಗಿಸಲು ಇಲ್ಲಿ ಉಳಿಯುವುದೇ ಒಳ್ಳೆಯದು.

ಎಲ್ಲರೂ ದಿರಾಂಗ್‌ನಲ್ಲಿ ಒಂದು ರಾತ್ರಿ ಮಲಗಿ ಓಡುತ್ತಾರೆ. ಎರಡು ರಾತ್ರಿ ಇರಿ. ಊರಿನ ಹಳೆಯ ಭಾಗದಲ್ಲಿ ಕಲ್ಲಿನ ಜೋಂಗ್ ಇದೆ, ಅಂದರೆ ಕೋಟೆಮನೆ. ಸುತ್ತ ಕಲ್ಲು ಮರ ಸೇರಿಸಿ ಕಟ್ಟಿದ ಮನೆಗಳು, ಅಂಗಳದಲ್ಲಿ ಒಣಗಲು ಹಾಕಿದ ಜೋಳ, ಮೆಣಸಿನಕಾಯಿ. ಸಮೀಪದ ಸಾಂಗ್ತಿ ಕಣಿವೆಯಲ್ಲಿ ಹೊಳೆಯ ಪಕ್ಕ ನಡೆದುಕೊಂಡು ಹೋದರೆ ಅರ್ಧ ದಿನ ಕಳೆದಿದ್ದೇ ಗೊತ್ತಾಗುವುದಿಲ್ಲ. ಕಪ್ಪು ಕತ್ತಿನ ಕೊಕ್ಕರೆಗಳು ಚಳಿಗಾಲದಲ್ಲಿ ಬರುವ ಜಾಗ ಅದು. ನಾವು ಹೋದಾಗ ಇನ್ನೂ ಬಂದಿರಲಿಲ್ಲ.

ನಾವು ಇಳಿದುಕೊಂಡ ಮನೆಯಲ್ಲಿ ರಾತ್ರಿ ಊಟಕ್ಕೆ ಝಾನ್ ಮಾಡಿದ್ದರು. ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ, ಕೋಲಿನಿಂದ ತಿರುವಿ ಗಟ್ಟಿ ಮಾಡುವುದು. ನನ್ನ ಗೆಳೆಯ ಮಂಡ್ಯದವನು. ತಟ್ಟೆ ನೋಡಿದ ಕೂಡಲೇ "ಇದು ನಮ್ಮ ಮುದ್ದೆ ಅಲ್ವಾ!" ಎಂದ. ಜೊತೆಗೆ ಸಾರಿನ ಬದಲು ಮೆಣಸಿನಕಾಯಿ, ಚುರ್ಪಿ ಎಂಬ ಯಾಕ್ ಹಾಲಿನ ಚೀಸ್ ಹಾಕಿ ಬೇಯಿಸಿದ ಸೊಪ್ಪು. ನೀವೂ ಕೇಳಿ ಮಾಡಿಸಿಕೊಳ್ಳಿ. ನಾವು ಕೇಳದಿದ್ದರೆ ಅವರು ಪ್ರವಾಸಿಗರಿಗೆ ಅನ್ನ, ದಾಲ್ ಬಡಿಸಿ ಸುಮ್ಮನಾಗುತ್ತಾರೆ.

ಆ ಮನೆಯವರು ಮೊನ್ಪಾ ಜನ. ದಿರಾಂಗ್ ಮತ್ತು ತವಾಂಗ್ ಎರಡೂ ಕಡೆ ಅವರೇ ಜಾಸ್ತಿ. ಆದರೆ ಎರಡೂ ಕಡೆಯ ಮಾತು ಒಂದೇ ಅಲ್ಲ. ದಿರಾಂಗ್‌ನವರ ನುಡಿ ಭೂತಾನದ ಪೂರ್ವ ಭಾಗದ ಜನರ ನುಡಿಗೆ ಹತ್ತಿರ. ತವಾಂಗ್‌ನವರದು ಬೇರೆ. ದಾರಿಯಲ್ಲಿ ರೂಪಾ, ಶೆರ್ಗಾಂವ್ ಕಡೆ ಶೆರ್ದುಕ್ಪೆನ್ ಜನ, ಇನ್ನೊಂದು ದಿಕ್ಕಿಗೆ ಅಕಾ, ಬುಗುನ್ ಜನ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದೆ ಎಲ್ಲರೂ ಹಿಂದಿಯಲ್ಲೇ ಮಾತಾಡಿಕೊಳ್ಳುತ್ತಾರೆ. ಮುರುಕು ಹಿಂದಿ ಇದ್ದರೂ ನಿಮಗೆ ತೊಂದರೆಯಿಲ್ಲ. ದಯವಿಟ್ಟು ಅವರನ್ನು "ನೀವು ಟಿಬೆಟ್‌ನವರಾ, ಚೀನಾದವರಾ" ಎಂದು ಕೇಳಬೇಡಿ. ನಮ್ಮ ಎದುರೇ ಒಬ್ಬರು ಕೇಳಿದರು. ಮನೆಯ ಯಜಮಾನರ ಮುಖ ಸಣ್ಣದಾಯಿತು. ನನಗೆ ಈಗಲೂ ಅದು ನೆನಪಾದರೆ ಸಂಕಟವಾಗುತ್ತದೆ.

2024ರ ಮಾರ್ಚ್‌ನಲ್ಲಿ ಸೆಲಾ ಸುರಂಗ ತೆರೆದ ಮೇಲೆ ಹಿಮ ಬಿದ್ದರೂ ದಾರಿ ನಿಲ್ಲುವ ಭಯ ಕಡಿಮೆಯಾಗಿದೆ. ಆದರೂ ಹವಾಮಾನ ಚೆನ್ನಾಗಿದ್ದರೆ ಹೋಗುವಾಗ ಹಳೆಯ ದಾರಿಯಲ್ಲೇ ಪಾಸ್ ಹತ್ತಿ, ಬರುವಾಗ ಸುರಂಗದಲ್ಲಿ ಬನ್ನಿ. ಮೇಲೆ ಸರೋವರದ ಪಕ್ಕ ಕಾಲು ಗಂಟೆ ನಿಂತರೆ ಸಾಕು. ಓಡಾಡಬೇಡಿ, ಬೆಚ್ಚಗೆ ಹೊದ್ದುಕೊಳ್ಳಿ, ನೀರು ಕುಡಿಯುತ್ತಿರಿ.

ಇಳಿಯುವಾಗ ಜಸ್ವಂತ್‌ಗಢ ಸಿಗುತ್ತದೆ. 1962ರ ಚೀನಾ ಯುದ್ಧದಲ್ಲಿ, ನವೆಂಬರ್ 17ರಂದು, 4 ಗಢ್ವಾಲ್ ರೈಫಲ್ಸ್‌ನ ಜಸ್ವಂತ್ ಸಿಂಗ್ ರಾವತ್ ನೂರಾನಾಂಗ್ ಕಾಳಗದಲ್ಲಿ ಸತ್ತರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅವರ ಹಾಸಿಗೆಯನ್ನು ಸೈನಿಕರು ಇಂದಿಗೂ ಒಪ್ಪವಾಗಿ ಹಾಸಿಡುತ್ತಾರೆ. ದಾರಿಹೋಕರಿಗೆ ಬಿಸಿ ಚಹಾ ಕೊಡುತ್ತಾರೆ. ಅಲ್ಲಿ ನಿಂತು ಕೆಳಗಿನ ಕಣಿವೆ ನೋಡಿದಾಗ, ಬಂಕರ್ ಒಳಗೆ ತಲೆ ಬಗ್ಗಿಸಿ ಇಳಿದಾಗ, ಪಠ್ಯಪುಸ್ತಕದ ಒಂದು ಸಾಲಾಗಿದ್ದ ಯುದ್ಧ ಎದೆಗೆ ತಾಗುತ್ತದೆ. ತವಾಂಗ್ ಊರಿನ ಯುದ್ಧ ಸ್ಮಾರಕದಲ್ಲಿ 2,420 ಹೆಸರುಗಳಿವೆ. ಸುಮ್ಮನೆ ಓದುತ್ತಾ ಹೋಗಿ.

ಈ ಗಡಿಯ ಕಥೆ 1962ರಲ್ಲಿ ಶುರುವಾಗಿದ್ದಲ್ಲ. 1914ರಲ್ಲಿ ಶಿಮ್ಲಾದ ಮಾತುಕತೆಯ ಕಾಲದಲ್ಲಿ ಬ್ರಿಟಿಷ್ ಭಾರತಕ್ಕೂ ಟಿಬೆಟ್‌ಗೂ ನಡುವೆ ಮೆಕ್‌ಮಹೋನ್ ರೇಖೆ ಎಳೆದರು. ತವಾಂಗ್ ಅದರ ದಕ್ಷಿಣಕ್ಕೆ ಬಂತು. ಆದರೂ ಇಲ್ಲಿನ ಕಂದಾಯ ಆಮೇಲೂ ಟಿಬೆಟ್‌ನ ಕಡೆಗೇ ಹೋಗುತ್ತಿತ್ತು. 1951ರ ಫೆಬ್ರವರಿಯಲ್ಲಿ ಮೇಜರ್ ಬಾಬ್ ಖಾಥಿಂಗ್ ಅಸ್ಸಾಂ ರೈಫಲ್ಸ್ ತುಕಡಿಯೊಂದಿಗೆ ಬಂದು ಭಾರತದ ಆಡಳಿತ ಸ್ಥಾಪಿಸಿದರು. ಅವರು ಮಣಿಪುರದ ತಂಗ್‌ಖುಲ್ ನಾಗಾ. 1959ರ ಮಾರ್ಚ್ 31ರಂದು ದಲೈ ಲಾಮಾ ಲ್ಹಾಸಾದಿಂದ ತಪ್ಪಿಸಿಕೊಂಡು ಇದೇ ಗಡಿ ದಾಟಿದರು. ತವಾಂಗ್, ಬೊಮ್ಡಿಲಾ ಮೂಲಕ ತೇಜ್‌ಪುರ ತಲುಪಿದರು. ಅಂದರೆ ನೀವು ಏರುವ ದಾರಿಯನ್ನೇ ಅವರು ಇಳಿದಿದ್ದರು.

ನನ್ನ ಊರು ಶಿರಸಿ. ಚಿಕ್ಕಂದಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಮುಂಡಗೋಡದಲ್ಲಿ ಬಸ್ಸು ಹತ್ತುವ ಕೆಂಪು ಬಟ್ಟೆಯ ಲಾಮಾಗಳನ್ನು ನೋಡಿ ಬೆಳೆದವನು. ಅವರೆಲ್ಲ ಟಿಬೆಟ್‌ನವರು ಎಂದೇ ತಿಳಿದಿದ್ದೆ. ತವಾಂಗ್ ಮಠದ ಅಂಗಳದಲ್ಲಿ ಒಬ್ಬ ಹಿರಿಯ ಲಾಮಾ ನಮ್ಮ ಮಾತು ಕೇಳಿ ಹತ್ತಿರ ಬಂದು "ಊಟ ಆಯ್ತಾ?" ಎಂದರು. ಕನ್ನಡದಲ್ಲಿ! ಮುಂಡಗೋಡದಲ್ಲಿ ಹದಿನಾಲ್ಕು ವರ್ಷ ಓದಿದ್ದರಂತೆ. ಹುಟ್ಟಿದ್ದು ತವಾಂಗ್ ಹತ್ತಿರದ ಹಳ್ಳಿಯಲ್ಲಿ. ಹಾಗಿದ್ದ ಮೇಲೆ ಅಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ.

ಅದಕ್ಕೆ ಕಾರಣ ಇತಿಹಾಸದಲ್ಲಿದೆ. 1680–81ರಲ್ಲಿ ಮೆರಾಗ್ ಲೊದ್ರೆ ಗ್ಯಾಟ್ಸೊ ಐದನೇ ದಲೈ ಲಾಮಾ ಅವರ ಇಚ್ಛೆಯಂತೆ ಈ ಮಠ ಕಟ್ಟಿದರು. ಜಾಗವನ್ನು ಅವರ ಕುದುರೆ ಆರಿಸಿತು ಎಂದು ಐತಿಹ್ಯ. 'ತ' ಎಂದರೆ ಕುದುರೆ, 'ವಾಂಗ್' ಎಂದರೆ ಆರಿಸಿದ್ದು. ಇಲ್ಲಿನ ಲಾಮಾಗಳು ಹೆಚ್ಚಿನ ಓದಿಗೆ ಲ್ಹಾಸಾದ ಡ್ರೆಪುಂಗ್ ಮಠಕ್ಕೆ ನಡೆದು ಹೋಗುತ್ತಿದ್ದರು. 1959ರ ನಂತರ ಆ ದಾರಿ ಮುಚ್ಚಿತು. ಡ್ರೆಪುಂಗ್ ಮಠವನ್ನು ಮತ್ತೆ ಕಟ್ಟಿದ್ದು ನಮ್ಮ ಮುಂಡಗೋಡದಲ್ಲಿ. ಹಾಗಾಗಿ ಉತ್ತರಕ್ಕೆ ನಡೆಯುತ್ತಿದ್ದವರು ರೈಲು ಹತ್ತಿ ದಕ್ಷಿಣಕ್ಕೆ ಬರತೊಡಗಿದರು.

ಮಠಕ್ಕೆ ಬೆಳಗ್ಗೆ ಬೇಗ ಹೋಗಿ. ಪ್ರದಕ್ಷಿಣೆ ನಮ್ಮ ದೇವಸ್ಥಾನದಂತೆಯೇ ಬಲಕ್ಕೆ. ಸಮೀಪದ ಉರ್ಗೆಲ್ಲಿಂಗ್ ಮಠ ತಪ್ಪಿಸಬೇಡಿ. ಆರನೇ ದಲೈ ಲಾಮಾ 1683ರಲ್ಲಿ ಅಲ್ಲಿ ಹುಟ್ಟಿದರು. ಸಣ್ಣ ಜಾಗ, ನಾವು ಹೋದಾಗ ಬೇರೆ ಯಾರೂ ಇರಲಿಲ್ಲ.

ಬುಮ್ ಲಾ ಬಗ್ಗೆ ಹೆಚ್ಚು ಹೇಳುವುದಿಲ್ಲ. 37 ಕಿಲೋಮೀಟರ್, 15,200 ಅಡಿ, ಕೆಟ್ಟ ರಸ್ತೆ. ಪ್ರತ್ಯೇಕ ಪರ್ಮಿಟ್ ಬೇಕು, ಹಿಂದಿನ ದಿನವೇ ಟ್ಯಾಕ್ಸಿಯವರ ಕೈಲಿ ಮಾಡಿಸಿ. ಅಲ್ಲಿಗೆ ಸ್ಥಳೀಯ ಟ್ಯಾಕ್ಸಿಯೇ ಆಗಬೇಕು. ಹವಾಮಾನ ಕೆಟ್ಟರೆ ಬಿಡುವುದಿಲ್ಲ. ಅದಕ್ಕೇ ತವಾಂಗ್‌ನಲ್ಲಿ ಮೂರು ರಾತ್ರಿ ಇರಲಿ. ತಲುಪಿದ ಮರುದಿನವೇ ಹೋಗಬೇಡಿ. ಚಿಕ್ಕ ಮಕ್ಕಳು, ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಲಿ.

ಇನ್ನೊಂದು ಮಾತು. ಅಕ್ಟೋಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ. ದಿನವನ್ನು ಬೆಳಗ್ಗೆ ಆರಕ್ಕೇ ಶುರು ಮಾಡಿ. ಕೈಯಲ್ಲಿ ನಗದು ಇಟ್ಟುಕೊಳ್ಳಿ.

ಹೊರಡುವ ದಿನ ಆ ಲಾಮಾ ಒಂದು ಸಣ್ಣ ಬಟ್ಟೆಯ ಗಂಟು ಕೊಟ್ಟರು. ಒಣಗಿಸಿದ ಚುರ್ಪಿ, ಮುಂಡಗೋಡದಲ್ಲಿ ಓದುತ್ತಿರುವ ತಂಗಿಯ ಮಗನಿಗೆ. ಊರಿಗೆ ಬಂದ ವಾರವೇ ಹೋಗಿ ಕೊಟ್ಟೆ. ಹುಡುಗ ಅಲ್ಲೇ ಬಿಚ್ಚಿ ನನಗೂ ಒಂದು ತುಂಡು ಕೊಟ್ಟ. ನಾನು ಕಡಿಯಲು ಹೋದೆ. "ಕಡಿಯಬೇಡಿ ಅಣ್ಣಾ, ಬಾಯಲ್ಲಿ ಇಟ್ಕೊಳ್ಳಿ, ನಿಧಾನಕ್ಕೆ ಕರಗುತ್ತೆ" ಎಂದ.