ಜಾಲರಿಯ ಅಂದ, ಅಂಚು ಮತ್ತು ಚಿಲಕ

ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವನ್ನು ವಿನ್ಯಾಸಗೊಳಿಸಿದ ಡೊಮಿನಿಕ್ ಪೆರೊ ಅವರು, ಅದುವರೆಗೆ ಕಾರ್ಖಾನೆಗಳ ಕೆಲಸಕ್ಕೆಂದೇ ನೇಯುತ್ತಿದ್ದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನು ಒಳಾಂಗಣದಲ್ಲಿ ಪರದೆಯಂತೆ ಇಳಿಬಿಟ್ಟರು. 2007ರಲ್ಲಿ ತೆರೆದ ನ್ಯೂಯಾರ್ಕಿನ ನ್ಯೂ ಮ್ಯೂಸಿಯಂ ಕಟ್ಟಡವು ಅಲ್ಯೂಮಿನಿಯಂ ಜಾಲರಿಯನ್ನೇ ಹೊರಮೈಯಾಗಿ ಹೊದ್ದುಕೊಂಡಿದೆ. ಇಂಥ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ ‘ನಮಗೂ ಹೀಗೇ ಬೇಕು’ ಎನ್ನುವ ಮನೆ ಮಾಲೀಕರು ಬೆಂಗಳೂರಿನಲ್ಲಿ ಈಗ ಕಡಿಮೆಯೇನಿಲ್ಲ. ಆಸೆ ಸರಿಯೇ, ಆದರೆ ಚಿತ್ರದಲ್ಲಿ ಕಾಣದ ಕೆಲವು ಸಂಗತಿಗಳ ಮೇಲೆ ಜಾಲರಿಯ ಭದ್ರತೆ ನಿಂತಿದೆ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಎಕ್ಸ್‌ಪ್ಯಾಂಡೆಡ್ ಮೆಶ್. ಲೋಹದ ಹಾಳೆಗೆ ಸಾಲಾಗಿ ಸೀಳು ಹಾಕಿ ಎಳೆದಾಗ ವಜ್ರಾಕಾರದ ಕಣ್ಣುಗಳು ತೆರೆದುಕೊಳ್ಳುತ್ತವೆ. ನೇಯ್ಗೆಯಾಗಲಿ ಬೆಸುಗೆಯಾಗಲಿ ಇಲ್ಲದ ಕಾರಣ ಒಂದು ಎಳೆ ತುಂಡಾದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಎಳೆಗಳು ಓರೆಯಾಗಿ ನಿಲ್ಲುವುದರಿಂದ, ಒಂದು ಬಗೆಯಲ್ಲಿ ಹಾಕಿದರೆ ಬಿಸಿಲನ್ನು ತಡೆಯುವ ಹಾಳೆಯೇ ತಲೆಕೆಳಗಾದರೆ ಬಿಸಿಲನ್ನು ಒಳಗೆ ಬಿಡುತ್ತದೆ. (ಹಾಳೆಯ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆದುಕೊಟ್ಟರೂ ತಿರುಗಿಸಿ ಕೂರಿಸುವವರಿದ್ದಾರೆ.) ಕತ್ತರಿಸಿದ ಅಂಚು ಮಾತ್ರ ಗರಗಸದ ಹಲ್ಲಿನಂತಿರುತ್ತದೆ. ಆ ಚೂಪು ತುದಿಗಳಲ್ಲಿ ಬಣ್ಣ ತೆಳುವಾಗಿ ಕೂರುವುದರಿಂದ ತುಕ್ಕು ಅಲ್ಲಿಂದಲೇ ಶುರುವಾಗಿ, ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಯ ಮೇಲೆ ಕಂದು ಗೆರೆ ಇಳಿದಿರುತ್ತದೆ. ಅಂಚನ್ನು ಫ್ರೇಮಿನೊಳಗೆ ಪೂರ್ತಿ ಅಡಗಿಸುವುದಕ್ಕೆ ಫ್ಯಾಬ್ರಿಕೇಟರ್ ಹೆಚ್ಚು ಹಣ ಕೇಳಿದರೆ ಕೊಡುವುದೇ ಮೇಲು. ಮಂಗಳೂರು, ಕಾರವಾರದಂಥ ಊರುಗಳ ಉಪ್ಪುಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಲೆಗಟ್ಟುತ್ತದೆ; ಮಾಲಿಬ್ಡಿನಂ ಬೆರೆತ 316 ಅಲ್ಲಿಗೆ ತಕ್ಕದ್ದು.

ಬಾಲ್ಕನಿಯ ತಡೆಯಲ್ಲಿ 100 ಮಿ.ಮೀ. ವ್ಯಾಸದ ಗೋಳ ತೂರಬಾರದೆಂಬುದು ಬ್ರಿಟನ್ನಿನ ಕಟ್ಟಡ ಮಾರ್ಗಸೂಚಿಯಲ್ಲಿರುವ ಅಳತೆ. ಮಗುವಿನ ತಲೆ ಸಿಕ್ಕಿಕೊಳ್ಳದಿರಲು ಅದು ನೆರವಾಗಬಹುದು, ಮಗು ಹತ್ತುವುದನ್ನು ತಪ್ಪಿಸಲಾರದು. 50 ಮಿ.ಮೀ. ಕಣ್ಣಿನ ಜಾಲರಿಯಲ್ಲಿ ಮೂರು ವರ್ಷದ ಮಗುವಿನ ಕಾಲ್ಬೆರಳು ಆರಾಮವಾಗಿ ಊರುತ್ತದೆ. ಜೈಲು, ವಿಮಾನ ನಿಲ್ದಾಣಗಳ ಬೇಲಿಗೆ ಬಳಸುವ ‘358’ ಮೆಶ್‌ನಲ್ಲಿ ಕಣ್ಣಿನ ಎತ್ತರ 12.7 ಮಿ.ಮೀ. ಮಾತ್ರ ಇರುವುದು ಹತ್ತುವುದನ್ನು ತಡೆಯಲೆಂದೇ.

ಬೆಂಕಿಯ ವಿಷಯದಲ್ಲಿ ಜಾಲರಿ ಎರಡು ಅಲಗಿನ ಕತ್ತಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ಹೊಗೆ ತುಂಬಿ 9 ಮಂದಿ ಸತ್ತರು. ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಇದ್ದರು. ಮೆಟ್ಟಿಲ ಹೊರಗೋಡೆಗೆ ಗಾಜಿನ ಬದಲು ಜಾಲರಿಯಿದ್ದರೆ ಹೊಗೆಗೆ ದಾರಿಯಿರುತ್ತದೆ. ಅದೇ ಜಾಲರಿಯನ್ನು ಬಾಲ್ಕನಿಯ ಅಡಿಯಿಂದ ಮುಡಿಯವರೆಗೆ ವೆಲ್ಡ್ ಮಾಡಿಬಿಟ್ಟರೆ ಏಣಿ ತಂದವರಿಗೂ ಒಳಗಿನವರಿಗೂ ದಾರಿಯಿಲ್ಲ. ಆದ್ದರಿಂದ ಪ್ರತಿ ಬಾಲ್ಕನಿಯಲ್ಲೂ ದೊಡ್ಡವರೊಬ್ಬರು ನುಸುಳುವಷ್ಟು ಅಗಲದ, ಹೊರಕ್ಕೆ ತೆರೆಯುವ ಒಂದು ಬಾಗಿಲನ್ನು ನಾನು ನಕ್ಷೆಯಲ್ಲೇ ಬರೆಯುತ್ತೇನೆ. ಚಿಲಕ ಒಳಗಡೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಬೇಕು, ಬೀಗ ಹಾಕುವಂತಿಲ್ಲ.