ಉಡುಪಿಗೂ ಯಾದಗಿರಿಗೂ ಒಂದೇ ಪ್ರಶ್ನೆಪತ್ರಿಕೆ

2024ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಉಡುಪಿ ಶೇ 94ರಷ್ಟು ಉತ್ತೀರ್ಣತೆಯೊಂದಿಗೆ ಮೊದಲ ಸ್ಥಾನದಲ್ಲಿತ್ತು. ನಮ್ಮ ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ ಮೊದಲ ವರ್ಷ ಅದು. ಇಡೀ ರಾಜ್ಯದ ಫಲಿತಾಂಶವೇ ಶೇ 83.89ರಿಂದ 73.40ಕ್ಕೆ ಕುಸಿದಿತ್ತು. ಶಹಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಆ ದಿನ ಊಟ ಸೇರಲಿಲ್ಲ. ಆದರೂ ನಿಜವಾದ ಸಂಖ್ಯೆಯೊಂದು ಹೊರಬಂದದ್ದು ಒಳ್ಳೆಯದಾಯಿತೆಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನಾವೇ ಪ್ರಶ್ನೆ ತೆಗೆದು ನಾವೇ ಅಂಕ ಹಾಕುವ ತರಗತಿಗಳಲ್ಲಿ ಮಕ್ಕಳ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಭಾಗಾಕಾರ ಬಾರದ ಮಕ್ಕಳನ್ನು ನಾನೇ ಹತ್ತನೆಯ ತರಗತಿಗೆ ಕಳಿಸಿದ್ದೇನೆ. ರಾಜ್ಯಕ್ಕೆಲ್ಲ ಒಂದೇ ಪತ್ರಿಕೆ ಇರುವುದರಿಂದಲೇ ಕರಾವಳಿಗೂ ನಮಗೂ ಇರುವ ಅಂತರ ಲೆಕ್ಕಕ್ಕೆ ಸಿಗುತ್ತದೆ.

ಆದರೆ ಪತ್ರಿಕೆ ಒಂದೇ ಆದರೂ ಓದಿದ ವರ್ಷ ಒಂದೇ ಅಲ್ಲ. ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ ಹತ್ತಿ ಬಿಡಿಸುವ ಕೆಲಸ ಶುರುವಾದರೆ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಆ ವರ್ಷ ತಾಂಡಾದ ಒಬ್ಬ ಹುಡುಗಿ ಸಂಕ್ರಾಂತಿ ಮುಗಿಸಿಕೊಂಡು ಶಾಲೆಗೆ ಮರಳಿದಾಗ, ಒಣಗಿದ ಹತ್ತಿಕಾಯಿಯ ಮೊನೆ ಗೀರಿ ಅವಳ ಬೆರಳ ತುದಿಗಳು ಒಡೆದಿದ್ದವು. ತಾಯಿ, ಅಕ್ಕ ಮತ್ತು ತಾನು ಬಿಡಿಸಿದ ಹತ್ತಿಯ ತೂಕ, ಕಿಲೋ ಲೆಕ್ಕದ ಕೂಲಿ, ಮೊದಲೇ ಪಡೆದ ಮುಂಗಡ, ಇವೆಲ್ಲವನ್ನೂ ಅವಳು ಬಾಯಲ್ಲೇ ಕೂಡಿ ಕಳೆದು ಹೇಳಬಲ್ಲವಳಾಗಿದ್ದಳು. ಅವಳಿಲ್ಲದಾಗ ನಾನು ಮುಗಿಸಿದ್ದ ವರ್ಗಸಮೀಕರಣ ಮಾತ್ರ ಅವಳಿಗೆ ಕಗ್ಗಂಟಾಗಿತ್ತು.

ಅಂಥ ಮಕ್ಕಳಿಗೆಂದೇ ಜನವರಿಯಿಂದ ‘ಪಾಸಿಂಗ್ ಪ್ಯಾಕೇಜ್’ ಶುರುವಾಗುತ್ತದೆ. ಖಚಿತವಾಗಿ ಬರುವ ಪ್ರಶ್ನೆಗಳನ್ನು ಆರಿಸಿ ಉರು ಹೊಡೆಸುವುದು. ನಾನೂ ಮಾಡಿಸುತ್ತೇನೆ, ಮಾಡಿಸುವಾಗ ಮನಸ್ಸು ಹಿಂಡುತ್ತದೆ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಒಂದಕ್ಷರ ತಪ್ಪದೆ ಬರೆಯುವ ಮಗು, ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟರೆ ಪೆನ್ನು ಕೆಳಗಿಡುತ್ತದೆ. ಏಕರೂಪ ಪರೀಕ್ಷೆಯ ಅತಿ ದೊಡ್ಡ ಹಾನಿ ಇದೇ ಎಂದು ನನ್ನ ಅನುಭವ ಹೇಳುತ್ತದೆ. ಶೇಕಡಾವಾರು ಸಂಖ್ಯೆಗೆ ಹೆದರಿದ ಶಾಲೆಯಲ್ಲಿ ಕಲಿಕೆಗೆ ಜಾಗ ಉಳಿಯುವುದಿಲ್ಲ.

ಫಲಿತಾಂಶದ ನಂತರ ಕಾರಣ ಕೇಳುವ ನೋಟಿಸು ನಮಗೆ ಬಂತು. ವಿಜ್ಞಾನಕ್ಕೆ ಎಷ್ಟು ತಿಂಗಳು ಶಿಕ್ಷಕರಿರಲಿಲ್ಲ, ಎಷ್ಟು ಮಕ್ಕಳು ಗುಳೆ ಹೋಗಿದ್ದರು ಎಂಬುದನ್ನು ಬರೆಯಲು ಅದರಲ್ಲಿ ಅಂಕಣವಿರಲಿಲ್ಲ. ಮರುವರ್ಷ ಕೊನೆಯ ಸ್ಥಾನ ಶೇ 42.43ರೊಂದಿಗೆ ಕಲಬುರಗಿಯ ಪಾಲಾಯಿತು. ಪ್ರತಿ ಶಾಲೆಯ ಶೇಕಡಾವಾರಿನ ಪಕ್ಕದಲ್ಲೇ ಶಿಕ್ಷಕರಿಲ್ಲದ ತಿಂಗಳುಗಳ ಮತ್ತು ಗುಳೆ ಹೋದ ಮಕ್ಕಳ ಸಂಖ್ಯೆಗಳೂ ಅಚ್ಚಾಗಬೇಕೆಂದು ನಾನು ಅಂದಿನಿಂದ ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.

ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶ 2024ರಲ್ಲೇ ಬಂದಿದ್ದು ತಾಂಡಾದ ಆ ಹುಡುಗಿಗೆ ವರವಾಯಿತು. ಮೇ ತಿಂಗಳ ಬಿಸಿಲಲ್ಲಿ ದಿನವೂ ಬೆಳಿಗ್ಗೆ ಏಳಕ್ಕೆ ಬಂದು, ವರ್ಗಸಮೀಕರಣವನ್ನು ಮೊದಲಿನಿಂದ ಕಲಿತು, ಜೂನ್‌ನ ಎರಡನೇ ಪರೀಕ್ಷೆಯಲ್ಲಿ ಗಣಿತ ಪಾಸಾದಳು.