ಹುಲಿಯೋ, ಹುಳಿಯೋ: ಕಾಕ್ಲಿಯರ್ ಇಂಪ್ಲಾಂಟ್ ಹಾಕಿದ ಮಗು ಮಾತು ಹಿಡಿದಿಡುವ ಬಗೆ

"ಅಡುಗಿಮನ್ಯಾಗಿಂದ ಚರಗಿ ತಗೊಂಡ್ ಅಜ್ಜಿಗೆ ಕೊಟ್ಟ್ ಬಾ" ಅಂದರೆ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರ ಒಳಕಿವಿಯಲ್ಲಿ ಕೂರಿಸಿ, ಶಬ್ದವನ್ನು ಕರೆಂಟಾಗಿ ನರಕ್ಕೆ ಮುಟ್ಟಿಸುವ ಯಂತ್ರ) ಹಾಕಿದ ಐದು ವರ್ಷದ ಮಗು ಚರಗಿ ತಂದು ಹೇಳಿದವರ ಕೈಗೇ ಕೊಡುವುದುಂಟು. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಆಗ ಬರುವ ಮಾತು ಒಂದೇ: "ಲಕ್ಷ್ಯ ಇಲ್ಲ ಇದಕ್ಕ." ಎಷ್ಟೋ ಸಲ ಲಕ್ಷ್ಯವೂ ಇರುತ್ತದೆ, ಮಾತೂ ಕಿವಿಗೆ ಬಿದ್ದಿರುತ್ತದೆ. ಮೊದಲ ಪದಗಳನ್ನು ಬಿಡಿಸಿಕೊಳ್ಳುವುದರಲ್ಲೇ ಶಕ್ತಿ ಖರ್ಚಾಗಿ 'ಅಜ್ಜಿಗೆ' ಜಾರಿಹೋಗಿರುತ್ತದೆ.

ಸಹಜ ಕಿವಿಯ ಕಾಕ್ಲಿಯಾದಲ್ಲಿ (ಒಳಕಿವಿಯ ಬಸವನಹುಳದ ಚಿಪ್ಪಿನಂಥ ಭಾಗ) ಶಬ್ದವನ್ನು ನರಕ್ಕೆ ದಾಟಿಸುವ ಒಳಸಾಲಿನ ರೋಮಕೋಶಗಳು ಸುಮಾರು 3,500. ಇಂಪ್ಲಾಂಟ್‌ನಲ್ಲಿ ಆ ಕೆಲಸಕ್ಕೆ ಇರುವುದು, ಕಂಪನಿಗೆ ತಕ್ಕಂತೆ, 12ರಿಂದ 22 ಎಲೆಕ್ಟ್ರೋಡ್. ಅವುಗಳ ಕರೆಂಟು ಒಳಗಿನ ದ್ರವದಲ್ಲಿ ಹರಡಿ ಒಂದರ ಜಾಗಕ್ಕೆ ಇನ್ನೊಂದು ನುಗ್ಗುತ್ತದೆ. ಹೀಗಾಗಿ ಶಬ್ದ ಎಷ್ಟು ಹೊತ್ತು ಇತ್ತು ಎಂಬುದು ಚೆನ್ನಾಗಿ ದಾಟುತ್ತದೆ, ಅದರ ನವಿರಾದ ಬಣ್ಣ ದಾಟುವುದಿಲ್ಲ. ಕನ್ನಡದಲ್ಲಿ ಬಳೆ–ಬಾಳೆ, ಕತೆ–ಕತ್ತೆ ಜೋಡಿಗಳ ವ್ಯತ್ಯಾಸ ಕಾಲದ್ದು, ಅದು ಸುಲಭ. ಹುಲಿ–ಹುಳಿ, ಮನೆ–ಮಣೆ, ಕತ್ತೆ–ಕಟ್ಟೆ ಕಷ್ಟ. ಇಲ್ಲಿ ಬದಲಾಗುವುದು ನಾಲಿಗೆ ತಾಗುವ ಜಾಗ ಮಾತ್ರ, ಅದು ಬಾಯೊಳಗೇ ಆಗುವುದರಿಂದ ತುಟಿ ನೋಡಿದರೂ ತಿಳಿಯದು.

ಕೇಳಿದ ಪದವನ್ನು ಮನಸ್ಸಿನೊಳಗೇ ಮತ್ತೆ ಮತ್ತೆ ಹೇಳಿಕೊಂಡು ನಾವು ಹಿಡಿದಿಟ್ಟುಕೊಳ್ಳುತ್ತೇವೆ. ಹಾಗೆ ಹಿಡಿದಿಡಲು ಆಗುವುದು ಸುಮಾರು 2 ಸೆಕೆಂಡಿನಷ್ಟು ಮಾತು. ಒಳಗೆ ನಿಧಾನವಾಗಿ ಹೇಳಿಕೊಳ್ಳುವ ಮಗುವಿಗೆ ಆ 2 ಸೆಕೆಂಡಿನಲ್ಲಿ ಕಡಿಮೆ ಪದ ಹಿಡಿಸುತ್ತವೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಪಿಸೋನಿ ಮತ್ತು ಸಂಗಡಿಗರು 8–9 ವರ್ಷದ ಇಂಪ್ಲಾಂಟ್ ಮಕ್ಕಳಲ್ಲಿ ಕಂಡದ್ದು ಇದನ್ನೇ: ವಾಕ್ಯವನ್ನು ಬೇಗ ಹೇಳಬಲ್ಲ ಮಕ್ಕಳು ಹೆಚ್ಚು ಅಂಕಿಗಳನ್ನು ನೆನಪಿಟ್ಟರು. ಶಬ್ದವೇ ಇಲ್ಲದೆ ಬಣ್ಣದ ದೀಪಗಳ ಸಾಲು ತೋರಿಸಿದಾಗಲೂ ಇಂಪ್ಲಾಂಟ್ ಮಕ್ಕಳ ನೆನಪು ಕೇಳುವ ಮಕ್ಕಳದಕ್ಕಿಂತ ಚಿಕ್ಕದಾಗಿತ್ತು. ಬಣ್ಣಗಳಿಗೂ ಒಳಗೊಳಗೇ ಹೆಸರು ಹೇಳಿಕೊಳ್ಳಬೇಕಲ್ಲ!

ಅಭ್ಯಾಸಕ್ಕೆ ಮೊದಲು ಯಂತ್ರ ಸರಿಯಿದೆಯೇ ನೋಡಿ. ದಿನಾ ಬೆಳಿಗ್ಗೆ ಬಾಯಿ ಮರೆಮಾಡಿ ಆ, ಈ, ಊ, ಮ್, ಶ್, ಸ್ ಹೇಳಿ, ಮೊದಲು 1 ಮೀಟರ್ ದೂರದಿಂದ, ಆಮೇಲೆ 3 ಮೀಟರ್. ಒಂದೇ ಲಯದಲ್ಲಿ ಹೇಳಿದರೆ ಮಗು ಊಹಿಸಿಬಿಡುತ್ತದೆ, ನಡುವಿನ ಅಂತರ ಬದಲಿಸುತ್ತಿರಿ. ನಿನ್ನೆ ಕೇಳಿದ 'ಸ್' ಇವತ್ತು ಕೇಳದಿದ್ದರೆ ಮೊದಲ ಅನುಮಾನ ಯಂತ್ರದ ಹೊರಭಾಗದಲ್ಲಿರುವ ಮೈಕ್ ಕವರಿನ ಧೂಳು, ಬೆವರಿನ ಮೇಲೆ. ನಮ್ಮ ಕಡೆ ಬೇಸಿಗೆಯ ಧೂಳು, ಮಳೆಗಾಲದ ತೇವ ಎರಡೂ ಕಾಟ ಕೊಡುತ್ತವೆ. ರಾತ್ರಿ ಆ ಹೊರಭಾಗವನ್ನು ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿಡುವುದನ್ನು ತಪ್ಪಿಸಬೇಡಿ. ಕವರ್, ಬ್ಯಾಟರಿ ಬದಲಿಸಿಯೂ ಸರಿಹೋಗದಿದ್ದರೆ ಮ್ಯಾಪಿಂಗ್‌ಗೆ (ಆಡಿಯಾಲಜಿಸ್ಟ್ ಎಲೆಕ್ಟ್ರೋಡ್‌ಗಳ ಕರೆಂಟನ್ನು ಮಗುವಿಗೆ ತಕ್ಕಂತೆ ಹೊಂದಿಸುವುದು) ಹೋಗಬೇಕು.

ಇನ್ನು ಆಟ. ಚರಗಿ, ತಾಟು, ರೊಟ್ಟಿ, ಮೆಣಸಿನಕಾಯಿ, ಬಾಳೆಹಣ್ಣು: ಐದಾರು ಚಿತ್ರ ಸಾಕು. ಚಿತ್ರಗಳನ್ನು ಬಟ್ಟೆಯಿಂದ ಮುಚ್ಚಿ, ಎರಡು ಪದ ಹೇಳಿ, 2–3 ಸೆಕೆಂಡ್ ಸುಮ್ಮನಿದ್ದು ಬಟ್ಟೆ ತೆಗೆಯಿರಿ, ಮಗು ಆ ಎರಡು ಚಿತ್ರ ತೋರಿಸಲಿ. ಆ ಮೌನದಲ್ಲೇ ಮಗು ಒಳಗೆ ಹೇಳಿಕೊಳ್ಳುವುದು, ದಯವಿಟ್ಟು ಅದನ್ನು ತುಂಬಬೇಡಿ. ಚಿತ್ರ ಮೊದಲೇ ಕಂಡರೆ ಕಣ್ಣಿನಿಂದಲೇ ಕೆಲಸ ಮುಗಿಸುತ್ತದೆ. ಹತ್ತರಲ್ಲಿ ಎಂಟು ಸರಿಯಾದರೆ ಮೂರು ಪದಕ್ಕೆ ಹೋಗಿ. ಮೊದಲು ಉದ್ದ ಬೇರೆ ಬೇರೆ ಇರುವ ಪದ, ಹುಲಿ–ಹುಳಿಯಂಥವು ಬಹಳ ತಡವಾಗಿ.

ದೊಡ್ಡ ತಪ್ಪು ಎಳೆದು ಮಾತಾಡುವುದು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಎಳೆದರೆ 'ಬಳೆ' 'ಬಾಳೆ' ಆಗುತ್ತದೆ, ಮಗುವಿಗೆ ದಕ್ಕುತ್ತಿದ್ದ ಒಂದು ಗುರುತೂ ಅಳಿಸುತ್ತದೆ, ಮಾತು 2 ಸೆಕೆಂಡ್ ಮೀರುತ್ತದೆ. ಸಹಜ ವೇಗದಲ್ಲಿ ಹೇಳಿ, ತುಣುಕುಗಳ ನಡುವೆ ನಿಲ್ಲಿಸಿ: "ಚರಗಿ ತಗೊ... ಅಜ್ಜಿಗೆ ಕೊಡು." ತಿಳಿಯದಿದ್ದರೆ ಅದೇ ಪದಗಳಲ್ಲಿ ಇನ್ನೊಮ್ಮೆ. ಪದ ಬದಲಿಸಿದರೆ ಮಗು ಮತ್ತೆ ಮೊದಲಿಂದ ಬಿಡಿಸಬೇಕು.

ರೊಟ್ಟಿ ಬಡಿಯುವಾಗ, ಮಿಕ್ಸರ್ ತಿರುಗುವಾಗ ಈ ಆಟ ಬೇಡ. ಬಯಲಿನಲ್ಲಿ ದೂರ ಎರಡರಷ್ಟಾದರೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ, ಗದ್ದಲವಿರುವಲ್ಲಿ ಇಂಪ್ಲಾಂಟ್ ಇರುವ ಬದಿಗೆ ಒಂದು ಮೊಳದಷ್ಟು ಹತ್ತಿರ ಬಂದು ಮಾತಾಡಿ. ಭಾಷೆಯೂ ಮನೆಯದೇ ಇರಲಿ. "ಏನ್ ಮಾಡಾಕತ್ತೀ" ಎಂದು ದಿನಕ್ಕೆ ನೂರು ಸಲ ಕೇಳುವ ಮಗುವಿಗೆ ಪುಸ್ತಕದ "ಏನು ಮಾಡುತ್ತಿದ್ದೀಯೆ" ಮೊದಲು ಕಲಿಸುವುದು ಹೆಚ್ಚಿನ ಭಾರ.

ಕೇಳುವ ವಯಸ್ಸನ್ನು ಇಂಪ್ಲಾಂಟ್ ಮೊದಲ ಸಲ ಸ್ವಿಚ್ ಆನ್ ಆದ ದಿನದಿಂದ ಎಣಿಸಿ. ಮೂರಕ್ಕೆ ಆನ್ ಆಗಿದ್ದರೆ ಐದರ ಮಗುವಿನ ಕೇಳುವ ವಯಸ್ಸು ಎರಡು. ಶಾಲೆಯಲ್ಲಿ ಈ ಲೆಕ್ಕ ತಪ್ಪುವುದು ಉಕ್ತಲೇಖನದ ಹೊತ್ತಿಗೆ: ಕೇಳುತ್ತ ಬರೆಯುವುದೆಂದರೆ ಎರಡು ಕೆಲಸ. ಬೋರ್ಡಿಗೆ ಮುಖ ಮಾಡದೆ ಮಗುವಿಗೆ ಕಾಣುವಂತೆ ನಿಂತು ವಾಕ್ಯ ಪೂರ್ತಿ ಒಮ್ಮೆ ಹೇಳಿ, ಮಗುವಿನ ಕೈಯಲ್ಲಿ ಪೆನ್ಸಿಲ್ ಇಲ್ಲದಾಗ. ಆಮೇಲೆ ಎರಡೆರಡು ಪದ ಬರೆಸಿ.